ಮಾರ್ಜಕ-ಮಿಶ್ರಣ ಕವಾಟ

ಮಾರ್ಜಕ-ಮಿಶ್ರಣ ಕವಾಟವೆಂಬುದು, ಕೊಳವೆಯಲ್ಲಿ ಒತ್ತಡದಿಂದ ಹರಿಯುತ್ತಿರುವ ನೀರಿನ ವೇಗವನ್ನೇ ಬಲವಾಗಿ ಬಳಸಿಕೊಂಡು, ಪಕ್ಕದ ಪಾತ್ರೆಯಲ್ಲಿರುವ ಸಾಬೂನಿನ ದ್ರಾವಣವನ್ನೋ ಆಮ್ಲ, ಕ್ಲೋರಿನ್ ಮೊದಲಾದ ಇತರ ಶುದ್ಧಿಕಾರಕ ದ್ರವವನ್ನೋ ಗೊತ್ತಾದ ಪ್ರಮಾಣದಲ್ಲಿ ಎಳೆದುಕೊಂಡು ಆ ಪ್ರವಾಹದೊಡನೆ ಬೆರೆಸುವ ಉಪಕರಣ. ವಿದ್ಯುತ್ತಾಗಲಿ ಪ್ರತ್ಯೇಕ ಪಂಪಾಗಲಿ ಇದಕ್ಕೆ ಬೇಕಿಲ್ಲ. ಇದರ ಸಾಮಾನ್ಯ ರೂಪದಲ್ಲಿ ತಿರುಗುವ ಭಾಗವೂ ಇರುವುದಿಲ್ಲ. ವಾಹನ, ಅಂಗಳ, ದನದ ಕೊಟ್ಟಿಗೆ, ಹಾಲಿನ ಪಾತ್ರೆಗಳನ್ನು ತೊಳೆಯುವುದಕ್ಕೂ ಹನಿ ನೀರಾವರಿಯ ನಾಳಗಳೊಳಗೆ ಕಟ್ಟಿದ ಸುಣ್ಣವನ್ನೂ ಪಾಚಿಯನ್ನೂ ಕಳೆಯುವುದಕ್ಕೂ ಇದು ಉಪಯೋಗವಾಗುತ್ತದೆ. ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳಲ್ಲಿ ಇದೇ ತತ್ತ್ವದ ಉಪಕರಣವು ರೈತರಿಗೆ ವೆಂಚುರಿ ಎಂಬ ಹೆಸರಿನಿಂದಲೂ ಗಾಡಿ ತೊಳೆಯುವವರಿಗೆ ಫೋಮ್ ಗನ್ ಎಂಬ ಹೆಸರಿನಿಂದಲೂ ಪರಿಚಿತವಾಗಿದೆ. ಪ್ರಸ್ತುತ ಲೇಖನದಲ್ಲಿ ಕವಾಟವೆಂದರೆ ಕೊಳವೆಗೆ ಜೋಡಿಸುವ ಇಡೀ ಉಪಕರಣವೆಂದೂ, ಕಂಠವೆಂದರೆ ಅದರೊಳಗಿನ ಅತ್ಯಂತ ಕಿರಿದಾದ ಭಾಗವೆಂದೂ, ಚೂಷಣನಾಳವೆಂದರೆ ಪಾತ್ರೆಯಿಂದ ದ್ರವವನ್ನು ಕಂಠಕ್ಕೆ ತರುವ ಸಣ್ಣ ನಳಿಕೆಯೆಂದೂ ಗ್ರಹಿಸತಕ್ಕದ್ದು.

ಉಗಮ

ಹರಿಯುವ ದ್ರವದ ವೇಗ ಹೆಚ್ಚಿದಲ್ಲಿ ಅದರ ಒತ್ತಡ ತಗ್ಗುವುದೆಂಬ ತತ್ತ್ವವನ್ನು ಸ್ವಿಟ್ಜರ್ಲೆಂಡಿನ ಗಣಿತಜ್ಞ ಡೇನಿಯಲ್ ಬರ್ನೂಲಿ 1738ರಲ್ಲಿ ಪ್ರಕಟವಾದ ‘ಹೈಡ್ರೊಡೈನಾಮಿಕಾ’ ಎಂಬ ಗ್ರಂಥದಲ್ಲಿ ನಿರೂಪಿಸಿದನು. ಇಟಲಿಯ ಭೌತವಿಜ್ಞಾನಿ ಜೊವಾನ್ನಿ ಬತಿಸ್ತ ವೆಂಚುರಿ (1746-1822), ನಡುವೆ ಕಿರಿದಾಗಿ ಮತ್ತೆ ಅಗಲವಾಗುವ ನಾಳಗಳಲ್ಲಿ ನೀರು ಹರಿಯುವ ಬಗೆಯನ್ನು ಪ್ರಯೋಗಗಳಿಂದ ಪರೀಕ್ಷಿಸಿ, ಹರಿವ ದ್ರವವು ತನ್ನ ಪಾರ್ಶ್ವದಲ್ಲಿರುವ ದ್ರವವನ್ನೂ ಎಳೆದೊಯ್ಯುವುದೆಂಬ ಸಂಗತಿಯನ್ನು 1797ರಲ್ಲಿ ಪ್ಯಾರಿಸಿನಲ್ಲಿ ಪ್ರಕಟಪಡಿಸಿದನು. ಅಮೆರಿಕದ ಇಂಜಿನಿಯರ್ ಕ್ಲೆಮೆನ್ಸ್ ಹರ್ಷೆಲ್ 1880ರ ದಶಕದಲ್ಲಿ ಇದೇ ಆಕಾರದ ನಾಳವನ್ನು ನೀರಿನ ಹರಿವನ್ನು ಅಳೆಯುವ ಮಾಪಕವಾಗಿ ರೂಪಿಸಿ ಅದಕ್ಕೆ ವೆಂಚುರಿಯ ಹೆಸರನ್ನಿಟ್ಟ ಮೇಲೆ, ಆ ಹೆಸರು ಆಕಾರಕ್ಕೇ ಅಂಟಿಕೊಂಡಿತು.

ಚೂಷಣದ ಪ್ರಯೋಜನವನ್ನು ಉದ್ಯಮವು ಮೊದಲು ಕಂಡದ್ದು ಉಗಿಯಂತ್ರದಲ್ಲಿ. ಫ್ರಾನ್ಸಿನ ಆನ್ರಿ ಜಿಫಾರ್ 1858ರಲ್ಲಿ ನಿರ್ಮಿಸಿದ ಇಂಜೆಕ್ಟರ್, ಉಗಿಯ ಧಾರೆಯಿಂದ ನೀರನ್ನೆಳೆದು ಬಾಯ್ಲರಿಗೆ ತಳ್ಳುತ್ತಿತ್ತು; ರೈಲಿನ ಉಗಿಯಂತ್ರಗಳೆಲ್ಲ ಕ್ರಮೇಣ ಅದನ್ನು ಅಳವಡಿಸಿಕೊಂಡವು. 19ನೆಯ ಶತಮಾನದ ಕೊನೆಯಲ್ಲಿ ಸದರ್ನ್ ಮರಾಠಾ ರೈಲ್ವೆಯ ಹುಬ್ಬಳ್ಳಿ-ಹರಿಹರ ಮಾರ್ಗವು ಸವಣೂರು ತಾಲ್ಲೂಕಿನ ಯಲವಿಗಿಯ ಮೂಲಕ ಹಾದುಹೋದುದರಿಂದ, ಧಾರೆಯಿಂದ ದ್ರವವನ್ನೆಳೆಯುವ ಯುಕ್ತಿಯು ಈ ಸೀಮೆಯನ್ನು ಮೊದಲು ಹಾದುಹೋದದ್ದು ರೈಲಿನ ಗಾಲಿಗಳ ಮೇಲೆಯೇ ಎನ್ನಬಹುದು. ಮೋಟಾರು ಸೈಕಲ್ಲಿನ ಕಾರ್ಬುರೇಟರು ಪೆಟ್ರೋಲನ್ನು ಎಳೆಯುವುದೂ ಅಡುಗೆ ಅನಿಲದ ಒಲೆ ಗಾಳಿಯನ್ನು ಎಳೆದುಕೊಳ್ಳುವುದೂ ಇದೇ ನಿಯಮದ ಬೇರೆಬೇರೆ ರೂಪಗಳು. ಅಗ್ನಿಶಾಮಕ ದಳದವರು ನೊರೆಯ ದ್ರವವನ್ನು ನೀರಿನ ಕೊಳವೆಗೆ ಸೇರಿಸಲು ಬಳಸುವ ಮಿಶ್ರಕವು ಪ್ರಸ್ತುತ ಕವಾಟಕ್ಕೆ ಅತ್ಯಂತ ಸಮೀಪದ ಬಂಧು.

ಆದರೆ ಚೂಷಣದ ಶಾಸ್ತ್ರ ಸಿದ್ಧವಾದ ಮಾತ್ರಕ್ಕೆ ತೊಳೆಯುವ ಕವಾಟ ಹುಟ್ಟಲಿಲ್ಲ. ಅದಕ್ಕೆ ತಕ್ಕ ದ್ರವವೂ ಬೇಕಾಗಿತ್ತು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಎಣ್ಣೆಯಿಂದ ತಯಾರಾದ ಸಾಂಪ್ರದಾಯಿಕ ಸಾಬೂನಿನೊಡನೆ ಕೂಡಿ ನೀರಿನಲ್ಲಿ ಕರಗದ ಜಿಡ್ಡುಗಸಿಯಾಗುವುವು. ಅಂಥ ಗಸಿಯು ಮಿಲಿಮೀಟರುಗಳಷ್ಟೇ ಅಗಲದ ಕಂಠವನ್ನು ಬಹು ಬೇಗ ಮುಚ್ಚಿಬಿಡುವುದು. ಗಡಸು ನೀರಿನಲ್ಲಿಯೂ ಗಸಿಗಟ್ಟದ ಸಂಶ್ಲೇಷಿತ ಮಾರ್ಜಕಗಳು ಎರಡನೆಯ ಮಹಾಯುದ್ಧದ ನಂತರ ವ್ಯಾಪಕವಾಗಿ ಮಾರುಕಟ್ಟೆಗೆ ಬಂದ ಮೇಲೆಯೇ ಕೊಳವೆಯಲ್ಲಿ ಸಾಬೂನನ್ನು ಬೆರೆಸುವ ಕಾರ್ಯ ಸುಗಮವಾಯಿತು. ಭಾರತದಲ್ಲಿ 1959ರಲ್ಲಿ ಸರ್ಫ್ ಪುಡಿಯೂ, 1969ರಲ್ಲಿ ನಿರ್ಮಾ ಪುಡಿಯೂ ಬಂದವು. ಅಲ್ಲಿಯ ತನಕ ಅಂಟುವಾಳ, ಸೀಗೆ, ಬೂದಿ, ಹುಣಸೆಹಣ್ಣು, ಅಗಸರ ಸವಳುಮಣ್ಣುಗಳೂ ಈ ಭಾಗದ ಮಾರ್ಜಕಗಳಾಗಿದ್ದವು. ಇವು ಕೈಯಿಂದ ತಿಕ್ಕುವುದಕ್ಕೋ ಉಬ್ಬೆಗೆ ಹಾಕುವುದಕ್ಕೋ ಒದಗುವಂಥವೇ ಹೊರತು ಕೊಳವೆಯಲ್ಲಿ ಹರಿಯುವಂಥವಲ್ಲ.

ತೊಳೆಯುವ ಯಂತ್ರಗಳ ಚರಿತ್ರೆಯಲ್ಲಿ 1950 ಒಂದು ಗಣನೀಯ ವರ್ಷ. ಜರ್ಮನಿಯ ಆಲ್ಫ್ರೆಡ್ ಕೆರ್ಖರ್ ಆ ವರ್ಷ ಬಿಸಿನೀರನ್ನು ಅಧಿಕ ಒತ್ತಡದಿಂದ ಚಿಮ್ಮಿಸುವ ಶುದ್ಧಿಯಂತ್ರವನ್ನು ಯುರೋಪಿನಲ್ಲಿ ಮೊದಲಬಾರಿಗೆ ನಿರ್ಮಿಸಿದನು. ಇಸ್ರೇಲಿನಲ್ಲಿ 1965ರಲ್ಲಿ ಹನಿ ನೀರಾವರಿಯ ಉದ್ಯಮ ಆರಂಭವಾಗಿ ಅದರೊಡನೆ ನೀರಿನಲ್ಲಿ ಗೊಬ್ಬರವನ್ನು ಬೆರೆಸುವ ಪದ್ಧತಿಯೂ ಬೆಳೆಯಿತು. ಹಾನಗಲ್ಲು-ಹಿರೇಕೆರೂರುಗಳ ಮಟ್ಟಿಗೆ ನೋಡಿದರೆ, ಈ ಎರಡು ಧಾರೆಗಳಲ್ಲಿ ಹೊಲದ ಧಾರೆಯೇ ಹೆಚ್ಚು ಆಳವಾಗಿ ಹರಿದಿದೆ. ಅದರ ಕಾರಣವು ಕವಾಟದ ಸ್ವಭಾವದಲ್ಲಿಯೇ ಇದ್ದು, ಅದನ್ನು ಮುಂದೆ ವಿವರಿಸಲಾಗುವುದು.

ರಚನೆ

ಕವಾಟದ ಒಡಲು ಒಂದು ಚಿಕ್ಕ ನಾಳ. ನೀರು ಒಳಬರುವ ಕಡೆಯಲ್ಲಿ ಅದು ಶಂಕುವಿನಂತೆ ಕಿರಿದಾಗುತ್ತ ಹೋಗಿ ಕಂಠವನ್ನು ಸೇರುವುದು. ಇದು ಅಭಿಸಾರಿ ಭಾಗ. ಕಂಠದಿಂದ ಮುಂದೆ ನಾಳವು ಹೆಚ್ಚು ಉದ್ದವಾದ, ನಿಧಾನವಾದ ಓರೆಯಲ್ಲಿ ಮತ್ತೆ ಅಗಲವಾಗುವುದು. ಇದು ಅಪಸಾರಿ ಭಾಗ. ಈ ಎರಡನೆಯ ಓರೆ ಮೃದುವಾಗಿರಬೇಕಾದುದಕ್ಕೆ ಕಾರಣವುಂಟು: ಅಗಲವಾಗುವಿಕೆ ಹಠಾತ್ತಾಗಿದ್ದರೆ ಪ್ರವಾಹವು ನಾಳದ ಗೋಡೆಯನ್ನು ಬಿಟ್ಟು ಸುಳಿಗಳಾಗಿ ಒಡೆದು, ವೇಗದಿಂದ ಒತ್ತಡಕ್ಕೆ ಮರಳಬೇಕಾಗಿದ್ದ ಶಕ್ತಿಯು ವ್ಯರ್ಥವಾಗುವುದು. ಅಗ್ಗದ ಕವಾಟಗಳಲ್ಲಿ ಉಪಕರಣವನ್ನು ಗಿಡ್ಡವಾಗಿಸುವ ಸಲುವಾಗಿ ಮೊದಲು ಕತ್ತರಿ ಬೀಳುವುದು ಈ ಭಾಗಕ್ಕೆ. ಅವು ನೀರಿನ ರಭಸವನ್ನೂ ತಿಂದುಹಾಕಿ ಸಾಬೂನನ್ನೂ ಸರಿಯಾಗಿ ಎಳೆಯದಿರುವುದಕ್ಕೆ ಬಹುಮಟ್ಟಿಗೆ ಇದೇ ಹೇತು.

ಕಂಠದ ಪಾರ್ಶ್ವದಲ್ಲಿ ಒಂದು ಸಣ್ಣ ರಂಧ್ರವಿದ್ದು ಚೂಷಣನಾಳವು ಅಲ್ಲಿಗೆ ಕೂಡಿಕೊಳ್ಳುವುದು. ಈ ನಾಳಕ್ಕೆ ಮೂರು ಉಪಾಂಗಗಳಿರುವುವು. ದ್ರವವು ಒಂದೇ ದಿಕ್ಕಿಗೆ ಚಲಿಸುವಂತೆ ಮಾಡುವ ಏಕಮುಖ ಕವಾಟವು ಸಾಮಾನ್ಯವಾಗಿ ಸ್ಪ್ರಿಂಗಿನ ಆಸರೆಯ ಒಂದು ಪುಟ್ಟ ಗುಂಡು. ಪ್ರಮಾಣವನ್ನು ಹೆಚ್ಚುಕಡಿಮೆ ಮಾಡಲು ಸೂಜಿಮೊನೆಯ ತಿರುಪನ್ನೋ, ಬೇರೆಬೇರೆ ಅಳತೆಯ ತೂತುಗಳುಳ್ಳ ಬಣ್ಣದ ತುದಿಗಳನ್ನೋ ಇಟ್ಟಿರುತ್ತಾರೆ. ಚೂಷಣನಾಳದ ಇನ್ನೊಂದು ತುದಿಯಲ್ಲಿ, ಪಾತ್ರೆಯ ತಳದ ಕಸವನ್ನು ತಡೆಯುವ ಜಾಲರಿ ಇರುವುದು. ಜಾಲರಿ ಮೇಲೇಳದಂತೆ ಅದಕ್ಕೊಂದು ಭಾರವನ್ನು ಸೇರಿಸುವುದೂ ಉಂಟು.

ಮನೆಬಳಕೆಯ ಕವಾಟಗಳು ಹಿತ್ತಾಳೆಯಿಂದಲೋ ಪ್ಲಾಸ್ಟಿಕ್ಕಿನಿಂದಲೋ, ತೋಟದ ವೆಂಚುರಿಗಳು ಬಹುಮಟ್ಟಿಗೆ ಪಾಲಿಪ್ರೊಪಿಲೀನಿನಿಂದಲೂ ಆಗಿರುತ್ತವೆ. ಆಮ್ಲವನ್ನು ಹಾಯಿಸುವಲ್ಲಿ ಹಿತ್ತಾಳೆ ಸಲ್ಲದು. ಬಿಗಿತಕ್ಕೆಂದು ಇಡುವ ರಬ್ಬರಿನ ಉಂಗುರಗಳು ಕೂಡ ದ್ರವಕ್ಕೆ ತಕ್ಕ ಜಾತಿಯವಾಗಿರಬೇಕು. ಎಣ್ಣೆಯ ಅಂಶವುಳ್ಳ ದ್ರವದಲ್ಲಿ ಕೆಲವು ರಬ್ಬರುಗಳು ಉಬ್ಬಿ ಕೆಡುವುವು.

ಕಾರ್ಯವಿಧಾನ

ನಾಳವು ಕಿರಿದಾದೆಡೆಯಲ್ಲಿ ಅಷ್ಟೇ ನೀರು ಅಷ್ಟೇ ಕಾಲದಲ್ಲಿ ದಾಟಬೇಕಾದುದರಿಂದ ಅದರ ವೇಗವು ಅನಿವಾರ್ಯವಾಗಿ ಹೆಚ್ಚುವುದು. ಒಳವ್ಯಾಸ 12 ಮಿಲಿಮೀಟರಿನ ಕೊಳವೆಯಲ್ಲಿ ನಿಮಿಷಕ್ಕೆ ಸುಮಾರು 10 ಲೀಟರು ನೀರು ಹರಿಯುತ್ತಿದೆಯೆಂದು ಭಾವಿಸಿದರೆ ಅದರ ವೇಗ ಸೆಕೆಂಡಿಗೆ ಒಂದೂವರೆ ಮೀಟರಿನಷ್ಟಾಗುವುದು. ಕಂಠದ ವ್ಯಾಸ 4 ಮಿಲಿಮೀಟರಾದಲ್ಲಿ ಅದರ ಅಡ್ಡಕೊಯ್ತದ ವಿಸ್ತೀರ್ಣ ಒಂಬತ್ತನೆಯ ಒಂದು ಪಾಲಿಗೆ ಇಳಿಯುವುದರಿಂದ ಅಲ್ಲಿಯ ವೇಗ ಸೆಕೆಂಡಿಗೆ 13.5 ಮೀಟರಿಗೆ ಏರುವುದು. ಈ ವೇಗವನ್ನು ಪಡೆಯಲು ನೀರು ತನ್ನ ಒತ್ತಡದಿಂದ ತೆರಬೇಕಾದ ಬೆಲೆ ಸುಮಾರು 90 ಕಿಲೊಪಾಸ್ಕಲ್, ಅಂದರೆ 9 ಮೀಟರಿಗೂ ತುಸು ಮಿಕ್ಕ ಎತ್ತರದ ನೀರಿನ ಕಂಬದ ಭಾರ. ಹೀಗೆ ಇಳಿದ ಒತ್ತಡವು ಸುತ್ತಣ ವಾಯುಮಂಡಲದ ಒತ್ತಡಕ್ಕಿಂತ ಕೆಳಗೆ ಬಂದ ಕ್ಷಣದಲ್ಲಿ, ಪಾತ್ರೆಯಲ್ಲಿರುವ ದ್ರವದ ಮೇಲೆ ಕುಳಿತ ವಾಯುವೇ ಅದನ್ನು ಚೂಷಣನಾಳದೊಳಗೆ ತಳ್ಳುವುದು. ಕಂಠವು ದ್ರವವನ್ನು ಎಳೆಯುತ್ತದೆಂದು ಹೇಳುವುದು ವಾಡಿಕೆಯಾದರೂ ನಿಜದಲ್ಲಿ ಕೆಲಸ ಮಾಡುವುದು ಹೊರಗಿನ ಗಾಳಿಯ ಒತ್ತು. ಸಮುದ್ರಮಟ್ಟದಲ್ಲಿ ಆ ಒತ್ತು 10.3 ಮೀಟರು ನೀರಿನ ಕಂಬಕ್ಕೆ ಸಮನಾದುದರಿಂದ, ಎಷ್ಟೇ ಉತ್ತಮವಾದ ಕವಾಟವಾದರೂ ಅದಕ್ಕಿಂತ ಹೆಚ್ಚಿನ ಆಳದಿಂದ ದ್ರವವನ್ನು ಮೇಲೆತ್ತಲಾರದು.

ಅಪಸಾರಿ ಭಾಗದಲ್ಲಿ ವೇಗ ಮತ್ತೆ ಇಳಿದು ಒತ್ತಡ ಏರುವುದಾದರೂ ಹೋದುದೆಲ್ಲ ಮರಳಿ ಬರುವುದಿಲ್ಲ. ತೋಟದ ವೆಂಚುರಿ ಸಮರ್ಪಕವಾಗಿ ಚೂಷಿಸಬೇಕಾದರೆ ಒಳಬರುವ ಒತ್ತಡದ ಮೂರನೆಯ ಒಂದು ಪಾಲಿನಷ್ಟನ್ನು ಕಳೆದುಕೊಳ್ಳಲು ಸಿದ್ಧರಿರಬೇಕೆಂಬುದು ನೀರಾವರಿ ತಂತ್ರಜ್ಞರ ಸಾಮಾನ್ಯ ಲೆಕ್ಕ. ಒಳ ಮತ್ತು ಹೊರ ಬಾಯಿಗಳ ನಡುವಣ ಈ ಒತ್ತಡಭೇದವೇ ಕವಾಟದ ಜೀವಾಳ. ಕವಾಟದ ಮುಂದೆ ಉದ್ದವಾದ ಕೊಳವೆಯಿದ್ದರೆ, ಅಥವಾ ತುದಿಯ ನಳಿಕೆ ತೀರ ಸಣ್ಣದಾಗಿದ್ದರೆ, ಹಿಮ್ಮೊತ್ತಡವು ಹೆಚ್ಚಿ ಚೂಷಣ ಕುಂದುವುದು ಅಥವಾ ಪೂರ್ತಿ ನಿಲ್ಲುವುದು. ಕೈಯ ಗನ್ನನ್ನು ಮುಚ್ಚಿದಾಗ ನೀರು ನಿಂತು ಕಂಠದಲ್ಲಿಯೂ ಕೊಳವೆಯ ಪೂರ್ಣ ಒತ್ತಡವೇ ನೆಲೆಸುವುದರಿಂದ, ಏಕಮುಖ ಕವಾಟವಿಲ್ಲದ ಪಕ್ಷದಲ್ಲಿ ನೀರು ಹಿಂದಕ್ಕೆ ನುಗ್ಗಿ ಸಾಬೂನಿನ ಡಬ್ಬಿಯನ್ನು ತುಂಬಿ ಚೆಲ್ಲುವುದು. ಚೂಷಣನಾಳದ ತುದಿಗೆ ಬೆರಳೊತ್ತಿ ಹಿಡಿದು, ಅದು ಬೆರಳನ್ನು ಹಿಡಿದೆಳೆಯುವುದೋ ಇಲ್ಲವೋ ಎಂದು ನೋಡುವುದು ಈ ದೋಷಗಳನ್ನು ಅರಿಯಲು ಅತಿ ಸರಳವಾದ ಪರೀಕ್ಷೆ; ಆಮ್ಲವನ್ನು ಬಳಸಿದ ನಾಳದಲ್ಲಿ ಮಾತ್ರ ಇದನ್ನು ಮಾಡಕೂಡದು.

ಮಿಶ್ರಣದ ಪ್ರಮಾಣವನ್ನು ನೀರಿನ ಪಾಲುಗಳಿಂದ ಹೇಳುವ ರೂಢಿ. ನೂರಕ್ಕೆ ಒಂದರ ಪ್ರಮಾಣದಲ್ಲಿ, ನಿಮಿಷಕ್ಕೆ 10 ಲೀಟರು ಹರಿಯುವ ಕೊಳವೆಯು 100 ಮಿಲಿಲೀಟರು ದ್ರವವನ್ನು ಕೇಳುವುದು. 5 ಲೀಟರಿನ ಡಬ್ಬಿ 50 ನಿಮಿಷಕ್ಕೆ ಸಾಕಾಗುವುದು. ಇಪ್ಪತ್ತಕ್ಕೆ ಒಂದಾದರೆ ಅದೇ ಡಬ್ಬಿ 10 ನಿಮಿಷದಲ್ಲಿ ಬರಿದಾಗುವುದು. ಈ ಪ್ರಮಾಣಗಳು ತೆಳುವಾದ ದ್ರವಕ್ಕೆ ಸಲ್ಲುವಂಥವು. ಗಾಡಿ ತೊಳೆಯುವ ಶಾಂಪೂವಿನಂಥ ಮಂದವಾದ ದ್ರವ ಸಣ್ಣ ರಂಧ್ರದಲ್ಲಿ ನಿಧಾನವಾಗಿ ಸರಿಯುವುದರಿಂದ, ಬೆಳಗಿನ ಚಳಿಯಲ್ಲಿ ಇನ್ನೂ ನಿಧಾನವಾಗುವುದರಿಂದ, ಅದನ್ನು ಮುಂಚಿತವಾಗಿಯೇ ನೀರಿನಲ್ಲಿ ಸಡಿಲಿಸಿಕೊಳ್ಳುತ್ತಾರೆ. ಪುಡಿಯನ್ನು ಬಳಸುವುದಾದರೆ ಅದನ್ನು ಪೂರ್ತಿಯಾಗಿ ಕರಗಿಸಿ ಬಟ್ಟೆಯಲ್ಲಿ ಸೋಸಿಕೊಳ್ಳುವುದು ಅವಶ್ಯ.

ಪ್ರಭೇದಗಳು

ಕೊಳವೆಯ ನಡುವೆ ಇಲ್ಲವೆ ನಲ್ಲಿಯ ಬಾಯಿಗೆ ಜೋಡಿಸುವ ಸರಳ ವೆಂಚುರಿಯದು ಮೂಲರೂಪ. ಕೊಳವೆಯ ತುದಿಯಲ್ಲಿ ಗನ್ನಿಗೇ ಸಾಬೂನಿನ ಶೀಸೆಯನ್ನು ತಿರುಪಿ ಕೂರಿಸಿದ ರೂಪದಲ್ಲಿ ಹಿಮ್ಮೊತ್ತಡದ ತೊಡಕು ಕಡಿಮೆ. ಆದರೆ ಶೀಸೆಯ ಭಾರವನ್ನು ಕೈಯೇ ಹೊರಬೇಕು, ದ್ರವವೂ ಬೇಗ ಮುಗಿಯುವುದು.

ಅಧಿಕ ಒತ್ತಡದ ಯಂತ್ರಗಳಿಗೆ ಎರಡು ಬಗೆಯ ವ್ಯವಸ್ಥೆಗಳುಂಟು. ಒಂದರಲ್ಲಿ ಪಂಪಿನ ಹೊರಬಾಯಿಯಲ್ಲಿಯೇ ವೆಂಚುರಿ ಇದ್ದು, ಅಗಲವಾದ ರಂಧ್ರದ ನಳಿಕೆಯನ್ನು ಹಾಕಿ ಒತ್ತಡವನ್ನು ಇಳಿಸಿದಾಗ ಮಾತ್ರ ಅದು ಸಾಬೂನನ್ನೆಳೆಯುವುದು. ಸಣ್ಣ ನಳಿಕೆ ಹಾಕಿದೊಡನೆ ಹಿಮ್ಮೊತ್ತಡದಿಂದ ಚೂಷಣ ತಾನಾಗಿ ನಿಂತು ಶುದ್ಧ ನೀರಷ್ಟೇ ಚಿಮ್ಮುವುದು. ಇನ್ನೊಂದು, ಫೋಮ್ ಲ್ಯಾನ್ಸ್ ಎಂದು ಮಾರಾಟವಾಗುವ ನೊರೆನಳಿಕೆ. ಇದರೊಳಗಿನ ರಂಧ್ರ ಬಹುತೇಕ 1.1 ಅಥವಾ 1.25 ಮಿಲಿಮೀಟರಿನದು. ಅದರ ಮುಂದಿನ ಉಕ್ಕಿನ ಜಾಲರಿಯ ಮುದ್ದೆಯಲ್ಲಿ ನೀರು, ಸಾಬೂನು, ಗಾಳಿ ಮೂರೂ ಕಡೆಯಲ್ಪಟ್ಟು ಗಟ್ಟಿಯಾದ ನೊರೆಯಾಗಿ ಹೊರಬರುವುದು. ನೊರೆಯು ಲಂಬವಾದ ಮೈಯ ಮೇಲೆಯೂ ಕೆಲವು ನಿಮಿಷ ಅಂಟಿ ನಿಲ್ಲುವುದರಿಂದ ಕೊಳೆ ನೆನೆಯಲು ಅವಕಾಶ ದೊರೆಯುವುದು.

ಒತ್ತಡಭೇದದ ತೊಟ್ಟಿಯು ವೆಂಚುರಿಯಲ್ಲ. ಮುಖ್ಯನಾಳದ ನೀರಿನಲ್ಲಿ ಒಂದು ಪಾಲು ಮುಚ್ಚಿದ ತೊಟ್ಟಿಯೊಳಗೆ ಹಾದು ಅಲ್ಲಿಯ ದ್ರಾವಣವನ್ನು ಹೊತ್ತು ಮರಳುವುದು. ಮೊದಲು ಗಾಢವಾಗಿದ್ದ ಮಿಶ್ರಣ ಬರಬರುತ್ತ ತೆಳುವಾಗುವುದು ಇದರ ದೋಷ. ನೀರಿನ ಬಲದಿಂದಲೇ ಚಲಿಸುವ ಕೊಂತದ ಮಾಪಕ ಪಂಪು ಒತ್ತಡ ಏರಿಳಿದರೂ ಪ್ರಮಾಣವನ್ನು ಕಾಯ್ದುಕೊಳ್ಳುವುದು. ಬೆಲೆ ಮಾತ್ರ ವೆಂಚುರಿಗಿಂತ ಬಹಳ ಹೆಚ್ಚು.

ಉಪಯೋಗಗಳು

ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು 1997ರಲ್ಲಿ ರಚಿತವಾದ ಹಾವೇರಿ ಜಿಲ್ಲೆಯ ಪಶ್ಚಿಮ ಭಾಗವು ಮಲೆನಾಡಿನ ಸೆರಗು, ಪೂರ್ವವು ಬಯಲು. ಹಾನಗಲ್ಲಿನಲ್ಲಿ ಭತ್ತದ ಗದ್ದೆ, ಮಾವಿನ ತೋಪು, ಧರ್ಮಾ ನದಿ ಮತ್ತು ಕೆರೆಗಳು. ಸವಣೂರಿನಲ್ಲಿ ಎರೆಭೂಮಿ ಮತ್ತು ಹೆಸರಾಂತ ವೀಳ್ಯದೆಲೆಯ ತೋಟಗಳು. ಶಿಗ್ಗಾಂವಿಯಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯ ಸಂಚಾರ. ಕುಮುದ್ವತಿಯ ಬದಿಯ ಹಿರೇಕೆರೂರಿನಲ್ಲಿ ಹತ್ತಿ, ಗೋವಿನಜೋಳಗಳ ಹೊಲಗಳು. ಮಳೆಯಲ್ಲಿ, ಮಣ್ಣಿನಲ್ಲಿ ಇಷ್ಟು ಭೇದವಿದ್ದರೂ, ಕೊಳವೆಬಾವಿಯ ಮೇಲಣ ಅವಲಂಬನ ನಾಲ್ಕಕ್ಕೂ ಸಮಾನ.

ಕವಾಟವು ಬೇಡುವುದು ನೀರನ್ನಷ್ಟೇ ಅಲ್ಲ, ಒತ್ತಡವನ್ನು. ಒಂದಂತಸ್ತಿನ ಮನೆಯ ಮಾಳಿಗೆಯ ಮೇಲೆ 4 ಮೀಟರಿನೆತ್ತರದಲ್ಲಿಟ್ಟ ತೊಟ್ಟಿಯಿಂದ ಅಂಗಳದ ನಲ್ಲಿಗೆ ದೊರೆಯುವ ಒತ್ತಡ ಚದರ ಸೆಂಟಿಮೀಟರಿಗೆ 0.4 ಕಿಲೋಗ್ರಾಮಿನಷ್ಟು ಮಾತ್ರ. ಅದರಲ್ಲಿಯೂ ಒಂದಂಶ ನಾಳಗಳ ಘರ್ಷಣೆಯಲ್ಲಿ ಕಳೆದುಹೋಗುವುದು. ಇಷ್ಟರಲ್ಲಿ ಸಾಧಾರಣ ವೆಂಚುರಿಯು ಚೂಷಿಸುವುದು ದುರ್ಬಲವಾಗಿ, ಇಲ್ಲವೆ ಚೂಷಿಸುವುದೇ ಇಲ್ಲ. ಇಪ್ಪತ್ತುನಾಲ್ಕು ಗಂಟೆಯೂ ಒತ್ತಡದಲ್ಲಿರುವ ನಲ್ಲಿಯು ಸಮೀಪದ ಹುಬ್ಬಳ್ಳಿ-ಧಾರವಾಡದಲ್ಲಿಯೇ 2008ರಲ್ಲಿ ಕೆಲವು ವಲಯಗಳಿಗೆ ಮಾತ್ರ ಪ್ರಾಯೋಗಿಕವಾಗಿ ಬಂದುದೆಂಬುದನ್ನು ನೆನೆದರೆ, ಸಣ್ಣ ಊರುಗಳ ಮನೆಯಂಗಳದಲ್ಲಿ ಈ ಕವಾಟಕ್ಕೆ ನೆಲೆ ಏಕೆ ದೊರೆಯಲಿಲ್ಲವೆಂಬುದು ತಿಳಿಯುವುದು. ಒತ್ತಡವು ಇದ್ದದ್ದು ತೋಟದ ಪಂಪುಸೆಟ್ಟಿನಲ್ಲಿ ಮತ್ತು ಗಾಡಿ ತೊಳೆಯುವ ಸರ್ವಿಸ್ ಸ್ಟೇಷನ್ನಿನಲ್ಲಿ. ಕವಾಟವೂ ಅಲ್ಲಿಯೇ ನೆಲೆಸಿತು.

ಕವಾಟದ ಉಪಯೋಗಗಳಲ್ಲಿ ಹನಿ ನೀರಾವರಿಯ ನಾಳಗಳ ಶುದ್ಧಿ ಮುಖ್ಯವಾದುದು. ಕೊಳವೆಬಾವಿಯ ಗಡಸು ನೀರಿನಲ್ಲಿ ಕರಗಿರುವ ಸುಣ್ಣವು ಬಿಸಿಲಿಗೆ ಕಾದ ನಾಳಗಳಲ್ಲಿ, ವಿಶೇಷವಾಗಿ ಹನಿ ತೊಟ್ಟಿಕ್ಕುವ ಡ್ರಿಪ್ಪರಿನ ಬಾಯಿಯಲ್ಲಿ, ಬಿಳಿಯ ಹಕ್ಕಳೆಯಾಗಿ ಕೂರುವುದು. ಭಾರತೀಯ ಮಾನಕ ಸಂಸ್ಥೆಯು ಕುಡಿಯುವ ನೀರಿನ ಗಡಸುತನಕ್ಕೆ ವಿಧಿಸಿರುವ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ಜಲಮೂಲವಿಲ್ಲದಲ್ಲಿ ಒಪ್ಪಬಹುದಾದ ಮಿತಿ 600 ಮಿಲಿಗ್ರಾಂ. ನೀರಾವರಿಯ ನೀರಿಗೆ ಈ ಮಿತಿ ಅನ್ವಯಿಸದಿದ್ದರೂ ಗಡಸುತನದ ಅಂದಾಜಿಗೆ ಇದು ಅಳತೆಗೋಲಾಗಬಲ್ಲದು. ಹಕ್ಕಳೆಯನ್ನು ಕರಗಿಸಲು ಹೈಡ್ರೊಕ್ಲೋರಿಕ್, ಗಂಧಕ ಅಥವಾ ಫಾಸ್ಫಾರಿಕ್ ಆಮ್ಲವನ್ನು ವೆಂಚುರಿಯ ಮೂಲಕ ಹಾಯಿಸುತ್ತಾರೆ. ಅದೇ ಬಾವಿಯ ಒಂದು ಲೀಟರು ನೀರಿಗೆ ಆಮ್ಲವನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ, ಅದರ ಪಿಎಚ್ ಮೌಲ್ಯ 4ರ ಸುಮಾರಿಗೆ ಇಳಿಯಲು ಎಷ್ಟು ಬೇಕಾಯಿತೆಂಬುದನ್ನು ಬಣ್ಣದ ಕಾಗದದಿಂದ ನೋಡಿ, ಆ ಲೆಕ್ಕವನ್ನು ಪಂಪಿನ ಹರಿವಿಗೆ ಗುಣಿಸಿ ಪ್ರಮಾಣವನ್ನು ಗೊತ್ತುಮಾಡುವುದು ಶಾಸ್ತ್ರೀಯ ಕ್ರಮ. ಆಮ್ಲಮಿಶ್ರಿತ ನೀರು ಕೊನೆಯ ಡ್ರಿಪ್ಪರಿನ ತನಕ ತಲುಪಿದ ಮೇಲೆ ಪಂಪನ್ನು ನಿಲ್ಲಿಸಿ, ಹಲವು ಗಂಟೆಗಳ ತರುವಾಯ ನಾಳಗಳ ಕೊನೆಗಳನ್ನು ಬಿಚ್ಚಿ ಶುದ್ಧ ನೀರಿನಿಂದ ತೊಳೆದುಬಿಡುವುದು ವಾಡಿಕೆ.

ಪಾಚಿ ಮತ್ತು ಲೋಳೆಗೆ ಆಮ್ಲದಿಂದ ಪರಿಹಾರವಿಲ್ಲ. ಅವಕ್ಕೆ ಕ್ಲೋರಿನ್ ಬೇಕು. ಕೆರೆಯ ನೀರನ್ನೋ ತೆರೆದ ಹೊಂಡದ ನೀರನ್ನೋ ಬಳಸುವ ತೋಟಗಳಲ್ಲಿ ಈ ತೊಂದರೆ ಹೆಚ್ಚು. ಬ್ಲೀಚಿಂಗ್ ಪೌಡರಿನ ಇಲ್ಲವೆ ಸೋಡಿಯಂ ಹೈಪೊಕ್ಲೋರೈಟಿನ ದ್ರಾವಣವನ್ನು, ನೀರಿನಲ್ಲಿ ಹತ್ತು ಲಕ್ಷಕ್ಕೆ 10ರಿಂದ 20 ಪಾಲು ಕ್ಲೋರಿನ್ ಇರುವಂತೆ ಅರ್ಧ ಗಂಟೆಯಿಂದ ಒಂದು ಗಂಟೆಯ ಕಾಲ ಹಾಯಿಸುತ್ತಾರೆ. ಬ್ಲೀಚಿಂಗ್ ಪೌಡರಿನಲ್ಲಿ ಸುಣ್ಣವೇ ಇರುವುದರಿಂದ ದ್ರಾವಣವನ್ನು ತಿಳಿಯಾಗಲು ಬಿಟ್ಟು ಮೇಲಿನ ನೀರನ್ನಷ್ಟೇ ಬಳಸದಿದ್ದರೆ, ಒಂದು ಕಟ್ಟನ್ನು ಬಿಡಿಸಹೋಗಿ ಇನ್ನೊಂದನ್ನು ಕಟ್ಟಿದಂತಾಗುವುದು.

ತೋಟದಲ್ಲಿ ವೆಂಚುರಿಯನ್ನು ಮುಖ್ಯನಾಳದಲ್ಲಿ ನೇರವಾಗಿ ಕೂರಿಸದೆ ಪಕ್ಕದ ಕವಲಿನಲ್ಲಿ, ಅಂದರೆ ಬೈಪಾಸಿನಲ್ಲಿ, ಇಡುವುದೇ ರೂಢಿ. ಎರಡು ಕವಲುಗಳ ನಡುವೆ ಮುಖ್ಯನಾಳದಲ್ಲಿರುವ ಗೇಟ್ ವಾಲ್ವನ್ನು ಮೆಲ್ಲಮೆಲ್ಲನೆ ಮುಚ್ಚುತ್ತ ಬಂದಂತೆ ಒತ್ತಡಭೇದ ಹೆಚ್ಚಿ, ಬಕೆಟ್ಟಿನಲ್ಲಿಳಿಬಿಟ್ಟ ನಳಿಕೆಯೊಳಗೆ ದ್ರವವು ಏರತೊಡಗುವುದು. ಅಲ್ಲಿಗೆ ವಾಲ್ವನ್ನು ನಿಲ್ಲಿಸಬೇಕು. ಕರಗದೆ ಉಳಿದ ಕಣಗಳು ಮುಂದೆ ಹೋಗದಂತೆ ವೆಂಚುರಿಯನ್ನು ಜಾಲರಿ ಶೋಧಕಕ್ಕೆ ಮೊದಲೇ ಜೋಡಿಸುತ್ತಾರೆ. ಇದೇ ಸಲಕರಣೆಯಿಂದ ನೀರಿನಲ್ಲಿ ಕರಗುವ ಗೊಬ್ಬರವನ್ನೂ ಕೊಡುವುದರಿಂದ, ರೈತನು ಅದನ್ನು ಕೊಳ್ಳುವುದು ಗೊಬ್ಬರಕ್ಕಾಗಿ. ಶುದ್ಧಿಯ ಕೆಲಸ ಅದರೊಡನೆ ಬಂದ ಲಾಭ.

ವಾಹನಗಳನ್ನು ತೊಳೆಯುವಲ್ಲಿ ನೊರೆನಳಿಕೆಯ ಉಪಯೋಗ ಸುಪರಿಚಿತ. ಹೆದ್ದಾರಿಯ ಬದಿಯ ಲಾರಿಗಳು, ಊರಿನ ಬೈಕುಗಳು, ಸುಗ್ಗಿಯ ನಂತರದ ಟ್ರ್ಯಾಕ್ಟರುಗಳು ಇಲ್ಲಿ ಮುಖ್ಯ ಗಿರಾಕಿಗಳು. ಎರೆಮಣ್ಣು ಒಣಗಿದ ಮೇಲೆ ಗಾಲಿಯಿಂದ ಸುಲಭವಾಗಿ ಬಿಡುವಂಥದಲ್ಲ. ಅದನ್ನು ಮೊದಲು ಬರಿಯ ನೀರಿನಿಂದ ಕೆಡವಿ, ಅನಂತರ ನೊರೆಯನ್ನು ಹೊದಿಸಿ, ನೊರೆ ಒಣಗುವ ಮುನ್ನ ತೊಳೆದುಬಿಡುವ ಕ್ರಮವನ್ನು ಅನುಸರಿಸುತ್ತಾರೆ.

ಪಶುಪಾಲನೆಯಲ್ಲಿ ಇದರ ಪ್ರವೇಶ ನೆಲದ ಬದಲಾವಣೆಯೊಂದಿಗೆ ತಳಕು ಹಾಕಿಕೊಂಡಿದೆ. ಖಿಲಾರಿ ಎತ್ತುಗಳನ್ನು ಕಟ್ಟುವ ಮಣ್ಣಿನ ನೆಲದ ಹಟ್ಟಿಯಲ್ಲಿ ಸಗಣಿ ಬಾಚಿ ತಿಪ್ಪೆಗೆ ಸೇರಿಸಿ ಬೂದಿ ಚೆಲ್ಲುವುದೇ ಶುಚಿಯಾಗಿತ್ತು. ನೀರು ಹಾಯಿಸಿದರೆ ಅದು ಕೆಸರಾಗುವುದು. ಎತ್ತುಗಳ ಮೈತೊಳೆಯುವುದು ಕಾರಹುಣ್ಣಿಮೆಯಂಥ ದಿನಗಳಲ್ಲಿ ಕೆರೆಯಲ್ಲೋ ವರದಾ ನದಿಯಲ್ಲೋ ನಡೆಯುತ್ತಿತ್ತು. ಮಿಶ್ರತಳಿಯ ಹಸುಗಳು, ಸಿಮೆಂಟಿನ ಅಥವಾ ಕಲ್ಲುಚಪ್ಪಡಿಯ ನೆಲ ಮತ್ತು ಹಾಲು ಕರೆಯುವ ಯಂತ್ರ ಬಂದ ಕೊಟ್ಟಿಗೆಗಳಲ್ಲಿ ದಿನವೂ ತೊಳೆಯುವುದು ಅಗತ್ಯವಾಯಿತು. ಹಾಲಿನ ಜಿಡ್ಡನ್ನು ಕ್ಷಾರೀಯ ಮಾರ್ಜಕವೂ, ಹಾಲುಗಲ್ಲೆನ್ನಿಸುವ ಲವಣದ ಹಕ್ಕಳೆಯನ್ನು ಆಮ್ಲವೂ ಕಳೆಯುವುದರಿಂದ ಎರಡನ್ನೂ ಬೇರೆಬೇರೆ ಹೊತ್ತಿನಲ್ಲಿ ಬಳಸಬೇಕು. ಕಾಲುಬಾಯಿ ರೋಗದ ಸಂದರ್ಭದಲ್ಲಿ ನೂರಕ್ಕೆ 4ರ ಪ್ರಮಾಣದ ವಾಷಿಂಗ್ ಸೋಡಾ ದ್ರಾವಣದಿಂದ ನೆಲವನ್ನು ತೊಳೆಯುವುದು ಪ್ರಸಿದ್ಧ ಕ್ರಮ. ಇಂಥ ಗಾಢ ಪ್ರಮಾಣಕ್ಕೆ ಸಣ್ಣ ಕವಾಟಗಳು ಸಾಲುವುದಿಲ್ಲವಾದ್ದರಿಂದ ತೊಟ್ಟಿಯಲ್ಲಿಯೇ ಬೆರೆಸಿ ಎರಚುವುದು ಮೇಲು. ತೊಳೆದ ನೀರು ಗೋಬರ್ ಗ್ಯಾಸ್ ತೊಟ್ಟಿಗೆ ಸೇರದಂತೆಯೂ ನೋಡಿಕೊಳ್ಳಬೇಕು. ಮಾರ್ಜಕವೂ ಕ್ರಿಮಿನಾಶಕವೂ ಅಲ್ಲಿಯ ಅನಿಲೋತ್ಪಾದಕ ಜೀವಾಣುಗಳನ್ನು ಕೊಲ್ಲುವುವು.

ಹಿಮ್ಮುಖ ಪ್ರವಾಹ ಮತ್ತು ಇತರ ಅಪಾಯಗಳು

ಕವಾಟದ ಅತ್ಯಂತ ಗಂಭೀರ ದೋಷವು ಅದರ ಗುಣದ ಇನ್ನೊಂದು ಮುಖ. ಪಾತ್ರೆಯಿಂದ ನೀರಿಗೆ ದ್ರವವನ್ನೆಳೆಯುವ ದಾರಿಯು, ಒತ್ತಡ ತಿರುಗಿಬಿದ್ದಾಗ, ಆ ದ್ರವವನ್ನು ನೀರಿನ ಮೂಲಕ್ಕೇ ಒಯ್ಯುವ ದಾರಿಯಾಗಬಲ್ಲದು. ಊರಿನ ನಲ್ಲಿಯಲ್ಲಿ ಸರಬರಾಜು ನಿಂತಾಗ ಖಾಲಿಯಾಗುವ ನಾಳವು ಕೊಳವೆಯ ತುದಿಯಿಂದ ಹಿಂದಕ್ಕೆ ಎಳೆಯುವುದು. ಗೊತ್ತಾದ ಹೊತ್ತಿಗೆ ಮಾತ್ರ ನೀರು ಬಿಡುವ ಊರುಗಳಲ್ಲಿ ಈ ಸಂಭವ ಪ್ರತಿ ಸರಬರಾಜಿನ ಕೊನೆಗೂ ಉಂಟು. ತೋಟದಲ್ಲಿಯೂ ಸ್ಥಿತಿ ಭಿನ್ನವಲ್ಲ. ಈ ಭಾಗದ ವಿದ್ಯುತ್ ಸರಬರಾಜು ಕಂಪನಿಯಾದ ಹೆಸ್ಕಾಂ ಪಂಪುಸೆಟ್ಟುಗಳಿಗೆ ಮೂರು ಫೇಸಿನ ವಿದ್ಯುತ್ತನ್ನು ದಿನದ ಕೆಲವು ಗಂಟೆಗಳಿಗಷ್ಟೇ ಕೊಡುವುದರಿಂದ ಪಂಪು ಆಮ್ಲ ಹಾಯುತ್ತಿರುವಾಗಲೇ ನಿಲ್ಲಬಹುದು. ಏಕಮುಖ ಕವಾಟವಿಲ್ಲದಿದ್ದರೆ ಎತ್ತಿದ ನೀರು ಆಮ್ಲವನ್ನೂ ಗೊಬ್ಬರವನ್ನೂ ಒಡಗೊಂಡು ಕೊಳವೆಬಾವಿಗೆ ಮರಳುವುದು. ಅದೇ ಬಾವಿಯ ನೀರನ್ನು ಮನೆಮಂದಿ ಕುಡಿಯುವಲ್ಲಿ ಇದರ ಪರಿಣಾಮವನ್ನು ಹೇಳಬೇಕಾಗಿಲ್ಲ. ಚೂಷಣನಾಳದೊಳಗಿನ ಪುಟ್ಟ ಗುಂಡು ಈ ಕಾರ್ಯಕ್ಕೆ ಸಾಲದು. ಪಂಪಿನ ಬಳಿ ಮುಖ್ಯನಾಳದಲ್ಲಿಯೇ ಪ್ರತ್ಯೇಕ ಏಕಮುಖ ಕವಾಟವೂ, ನಾಳದಲ್ಲಿ ನಿರ್ವಾತವುಂಟಾದೊಡನೆ ಗಾಳಿಯನ್ನು ಒಳಬಿಡುವ ವಾಯುಕವಾಟವೂ ಬೇಕು. ಊರಿನ ನೀರನ್ನು ಮೊದಲು ತೊಟ್ಟಿಗೆ ಮೇಲಿನಿಂದ ಬೀಳಿಸಿಕೊಂಡು, ಅಲ್ಲಿಂದ ಬೇರೆ ಪಂಪಿನಿಂದ ಎತ್ತಿ ಬಳಸುವುದು ಎಲ್ಲಕ್ಕಿಂತ ನಿರಪಾಯವಾದ ಮಾರ್ಗ.

ಆಮ್ಲ ಮತ್ತು ಕ್ಲೋರಿನ್ ದ್ರಾವಣಗಳನ್ನು ಒಂದೇ ಕಾಲದಲ್ಲಿ, ಅಥವಾ ತೊಳೆಯದ ಒಂದೇ ಬಕೆಟ್ಟಿನಿಂದ ಒಂದಾದ ಮೇಲೊಂದರಂತೆ ಹಾಯಿಸಿದರೆ ವಿಷಕರವಾದ ಕ್ಲೋರಿನ್ ಅನಿಲ ಹೊಮ್ಮುವುದು. ಆಮ್ಲವನ್ನು ಸಡಿಲಿಸುವಾಗ ನೀರಿಗೆ ಆಮ್ಲವನ್ನು ಸುರಿಯಬೇಕೇ ಹೊರತು ಆಮ್ಲಕ್ಕೆ ನೀರನ್ನು ಸುರಿಯಕೂಡದು. ಕೀಟನಾಶಕಕ್ಕೆ ಬಳಸಿದ ಶೀಸೆಯನ್ನಾಗಲಿ ನಳಿಕೆಯನ್ನಾಗಲಿ ಮತ್ತೆ ತೊಳೆಯುವ ಕೆಲಸಕ್ಕೆ ತರುವುದು ನಿಷಿದ್ಧ.

ತೊಳೆದ ನೀರಿನ ಗತಿಯೂ ಗಮನಾರ್ಹ. ಮೊದಲ ತಲೆಮಾರಿನ ಸಂಶ್ಲೇಷಿತ ಮಾರ್ಜಕಗಳು ಜೀವಾಣುಗಳಿಂದ ಕೊಳೆಯದೆ ಪಶ್ಚಿಮದ ದೇಶಗಳ ನದಿಗಳಲ್ಲಿ ನೊರೆಯ ರಾಶಿಗಳಾಗಿ ತೇಲಿದುದರಿಂದ 1960ರ ದಶಕದಲ್ಲಿ ಸುಲಭವಾಗಿ ವಿಘಟನೆ ಹೊಂದುವ ಮಾರ್ಜಕಗಳು ಅವುಗಳ ಸ್ಥಾನಕ್ಕೆ ಬಂದವು. ವಿಘಟನೆಗೂ ಕಾಲಾವಕಾಶ ಬೇಕು. ಸರ್ವಿಸ್ ಸ್ಟೇಷನ್ನಿನ ಚರಂಡಿ ನೇರವಾಗಿ ಕೆರೆಯನ್ನು ಸೇರುವಲ್ಲಿ ಆ ಅವಕಾಶವಿಲ್ಲ. ವಾಹನದ ಎಣ್ಣೆಯನ್ನು ಬೇರ್ಪಡಿಸುವ ಗುಂಡಿಯನ್ನು ನಡುವೆ ನಿರ್ಮಿಸುವುದು ಕನಿಷ್ಠ ಕ್ರಮ.

ಇಂದಿನ ಸ್ಥಿತಿ

ಗೊಬ್ಬರ ಮತ್ತು ರಾಸಾಯನಿಕಗಳನ್ನು ನೀರಿಗೆ ಸೇರಿಸುವ ವೆಂಚುರಿಗೆ ಭಾರತೀಯ ಮಾನಕ ಸಂಸ್ಥೆಯು ಐಎಸ್ 14483ರ ಮೊದಲನೆಯ ಭಾಗದಲ್ಲಿ ಗುಣಲಕ್ಷಣಗಳನ್ನು ನಿರ್ದೇಶಿಸಿದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯಡಿ ಹನಿ ನೀರಾವರಿಗೆ ಸಹಾಯಧನ ದೊರೆತದ್ದು ವೆಂಚುರಿಯ ಪ್ರಸಾರಕ್ಕೂ ನೆರವಾಯಿತು. ಮುಕ್ಕಾಲು ಇಂಚಿನಿಂದ ಎರಡು ಇಂಚಿನ ತನಕ ವಿವಿಧ ಅಳತೆಗಳು ಮಾರಾಟಕ್ಕಿವೆ. ಅಳತೆ ದೊಡ್ಡದಾದಷ್ಟೂ ಚೂಷಣ ಹೆಚ್ಚೆಂದು ಭಾವಿಸುವುದು ತಪ್ಪು. ಸಣ್ಣ ಪಂಪಿಗೆ ದೊಡ್ಡ ವೆಂಚುರಿ ಜೋಡಿಸಿದರೆ ಕಂಠದಲ್ಲಿ ವೇಗವೇ ಹುಟ್ಟದು.

ಮನೆಬಳಕೆಯ ಕವಾಟಗಳೂ ನೊರೆನಳಿಕೆಗಳೂ ಅಂತರ್ಜಾಲದ ಅಂಗಡಿಗಳ ಮೂಲಕ ಈಗ ಹಳ್ಳಿಗಳಿಗೂ ತಲುಪುತ್ತಿವೆ. ಇವುಗಳಲ್ಲಿ ಅಮೆರಿಕದ ಅಳತೆಗೆ ತಯಾರಾದವನ್ನು ಕೊಳ್ಳುವಾಗ ತಿರುಪಿನ ಎಳೆಗಳನ್ನು ಪರಿಶೀಲಿಸಬೇಕು. ಭಾರತದ ನಲ್ಲಿಗಳಲ್ಲಿ ರೂಢವಾದ ಮುಕ್ಕಾಲು ಇಂಚಿನ ಬ್ರಿಟಿಷ್ ಅಳತೆಯಲ್ಲಿ ಇಂಚಿಗೆ 14 ಎಳೆಗಳಿದ್ದರೆ, ಅಮೆರಿಕದ ತೋಟದ ಕೊಳವೆಯ ಅಳತೆಯಲ್ಲಿ ಹನ್ನೊಂದೂವರೆ. ಎರಡೂ ಮೊದಲ ಒಂದೆರಡು ಸುತ್ತು ಕೂಡಿದಂತೆ ತೋರಿ ಅನಂತರ ಬಿಗಿದು ನಿಲ್ಲುವುವು. ಬಲವಂತವಾಗಿ ತಿರುಪಿದರೆ ಪ್ಲಾಸ್ಟಿಕ್ಕಿನ ಎಳೆಗಳು ಸವೆದು ನೀರು ಸೋರುವುದು. ನಡುವೆ ಜೋಡಿಸುವ ಹಿತ್ತಾಳೆಯ ಕೂಡಿಕೆಗಳು ಪಟ್ಟಣಗಳ ಹಾರ್ಡ್‌ವೇರ್ ಅಂಗಡಿಗಳಲ್ಲಿ ದೊರೆಯುತ್ತವೆ. ಏಕಮುಖ ಕವಾಟದ ಗುಂಡು, ಸ್ಪ್ರಿಂಗು ಮತ್ತು ರಬ್ಬರುಂಗುರಗಳು ಬಳಕೆಯಿಂದ ಬೇಗ ಸವೆಯುವ ಭಾಗಗಳಾಗಿದ್ದು, ಆಮ್ಲವನ್ನೋ ಕ್ಲೋರಿನ್ನನ್ನೋ ಹಾಯಿಸಿದ ಪ್ರತಿ ಬಾರಿಯೂ ಕೆಲವು ನಿಮಿಷ ಶುದ್ಧ ನೀರನ್ನು ಚೂಷಣನಾಳದಲ್ಲಿ ಎಳೆಯಬಿಟ್ಟರೆ ಅವುಗಳ ಆಯುಸ್ಸು ಹೆಚ್ಚುವುದು.